ಊರಿನ ಮನೆಯ ರೂಟರ್‌ನಲ್ಲಿ ಮೈಸೂರಿನ ಫೋಲ್ಡರನ್ನು ಸುರಕ್ಷಿತವಾಗಿ ಮೌಂಟ್ ಮಾಡುವುದು ಹೇಗೆ?

ಮಳೆಪುಸ್ತಕ:

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಅಪ್ಪ ಪ್ರತಿದಿನ ಬೆಳಿಗ್ಗೆ 8.30ಕ್ಕೆ ಮಳೆಮಾಪಕದ ನೀರನ್ನು ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದಿದ್ದಾರೆ. ಆ ನೋಟ್‌ಬುಕ್ಕುಗಳ ಪುಟಗಳನ್ನೂ ಮನೆಯ ಹಳೆಯ ಫೋಟೋಗಳನ್ನೂ ಸ್ಕ್ಯಾನ್ ಮಾಡಿ, ಮೈಸೂರಿನ ಅಣ್ಣನ ಮನೆಯ ಡೆಬಿಯನ್ ಕಂಪ್ಯೂಟರ್‌ನಲ್ಲಿ ಇಟ್ಟಿದ್ದೇವೆ. ಊರಿನಲ್ಲಿ ಕುಳಿತು ಅವನ್ನು ಟಿವಿಯಲ್ಲಿಯೂ ಅಪ್ಪನ ಲ್ಯಾಪ್‌ಟಾಪ್‌ನಲ್ಲಿಯೂ ನೋಡುವಂತಾಗಬೇಕು, ಅದಕ್ಕಾಗಿ ಒಂದೊಂದು ಸಾಧನದಲ್ಲೂ ಬೇರೆ ಬೇರೆ ತಂತ್ರಾಂಶ ಹಾಕುವ ಕೆಲಸ ಇರಬಾರದು ಎಂಬುದು ನನ್ನ ಆಸೆ. ಹಾಗಾಗಿ ಆ ಫೋಲ್ಡರನ್ನು ರೂಟರ್‌ನಲ್ಲಿಯೇ ಮೌಂಟ್ ಮಾಡಿ, ಅಂದರೆ ರೂಟರ್‌ನದೇ ಫೋಲ್ಡರ್ ಎಂಬಂತೆ ಜೋಡಿಸಿ, ಅಲ್ಲಿಂದ ಮನೆಯೊಳಗೆ ಹಂಚುವ ಯೋಚನೆ ಮಾಡಿದ್ದೇನೆ. ರೂಟರ್‌ನ ಸೆಟ್ಟಿಂಗ್‌ಗಳ ಬ್ಯಾಕಪ್ ಕೂಡ ದಿನಕ್ಕೊಮ್ಮೆ ಮೈಸೂರಿಗೆ ಹೋದರೆ ಒಳ್ಳೆಯದು.

ರೂಟರ್‌ನಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಲಿನಕ್ಸ್ ಆಧಾರಿತ ತಂತ್ರಾಂಶ ಇದೆ. ಎಂಟಿ7621 ಚಿಪ್, 128 ಎಂಬಿ ರ‍್ಯಾಮ್, 16 ಎಂಬಿ ಫ್ಲ್ಯಾಷ್. ಅಣ್ಣನ ಸಂಪರ್ಕಕ್ಕೆ ಸ್ಥಿರ ಐಪಿ ಇದೆ. ನಮ್ಮದು ಒಂದೇ ಐಪಿಯನ್ನು ಹಲವು ಗ್ರಾಹಕರಿಗೆ ಹಂಚುವ ಸಿಜಿನ್ಯಾಟ್ ಸಂಪರ್ಕವಾದ್ದರಿಂದ, ಹೊರಗಿನಿಂದ ಊರಿನ ರೂಟರ್‌ಗೆ ಬರುವ ದಾರಿಯಿಲ್ಲ. ಇಲ್ಲಿಂದಲೇ ಮೈಸೂರಿಗೆ ಹೋಗಬೇಕು. ಎಸ್‌ಎಸ್‌ಎಚ್ ಎಂಬ ಎನ್‌ಕ್ರಿಪ್ಟ್ ಆದ ಸಂಪರ್ಕದ ಮೂಲಕ ದೂರದ ಫೋಲ್ಡರನ್ನು ಮೌಂಟ್ ಮಾಡುವ ಎಸ್‌ಎಸ್‌ಎಚ್‌ಎಫ್‌ಎಸ್ ಪ್ಯಾಕೇಜನ್ನು ಹಾಕಿ ಪ್ರಯತ್ನಿಸಿದೆ. ಪ್ರತಿ ಸಲವೂ ‘ಕನೆಕ್ಷನ್ ರಿಸೆಟ್ ಬೈ ಪಿಯರ್’ ಎಂಬ ಒಂದು ಸಾಲು ಬಂದು ನಿಂತುಬಿಡುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ? ಈ ಕೆಲಸಕ್ಕೆ ಎಸ್‌ಎಸ್‌ಎಚ್‌ಎಫ್‌ಎಸ್ಸೇ ಸರಿಯೇ, ಅಥವಾ ಜಾಲದಲ್ಲಿ ಫೋಲ್ಡರ್ ಹಂಚುವ ಇನ್ನೊಂದು ವಿಧಾನವಾದ ಎನ್‌ಎಫ್‌ಎಸ್ ಬಳಸಬೇಕೇ?

ಕಿರುತಂತಿ:

ಆ ಸಂದೇಶವನ್ನು ನೋಡಿದರೆ ಮೈಸೂರಿನ ಸರ್ವರ್ ಸಂಪರ್ಕ ಕಡಿದುಹಾಕಿತು ಎನಿಸುತ್ತದೆ, ಆದರೆ ಬಹಳ ಸಲ ತೊಂದರೆ ಇರುವುದು ನಮ್ಮ ಕಡೆಯಲ್ಲಿಯೇ. ಎಸ್‌ಎಸ್‌ಎಚ್‌ಎಫ್‌ಎಸ್ ತಾನಾಗಿ ಎನ್‌ಕ್ರಿಪ್ಷನ್ ಮಾಡುವುದಿಲ್ಲ; ಅದು ರೂಟರ್‌ನಲ್ಲಿರುವ ಎಸ್‌ಎಸ್‌ಎಚ್ ಕ್ಲೈಂಟನ್ನು ಹಿನ್ನೆಲೆಯಲ್ಲಿ ಓಡಿಸಿ, ಅದರ ಮೂಲಕ ಎಸ್‌ಎಫ್‌ಟಿಪಿ ಎಂಬ ಕಡತ ಸಾಗಿಸುವ ಭಾಷೆಯಲ್ಲಿ ಮಾತನಾಡುತ್ತದೆ. ಆ ಕ್ಲೈಂಟ್ ಯಾವ ಕಾರಣಕ್ಕೆ ಸತ್ತರೂ ಎಸ್‌ಎಸ್‌ಎಚ್‌ಎಫ್‌ಎಸ್‌ಗೆ ಕಾಣುವುದು ಕೊಳವೆಯ ಆ ತುದಿ ಮುಚ್ಚಿತು ಎಂಬುದಷ್ಟೇ.

ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಮೊದಲಿನಿಂದ ಇರುವ ಎಸ್‌ಎಸ್‌ಎಚ್ ಕ್ಲೈಂಟ್ ಡ್ರಾಪ್‌ಬೇರ್. ಚಿಕ್ಕ ಸಾಧನಗಳಿಗಾಗಿಯೇ ಬರೆದ ಒಳ್ಳೆಯ ತಂತ್ರಾಂಶ ಅದು, ಆದರೆ ಎಸ್‌ಎಸ್‌ಎಚ್‌ಎಫ್‌ಎಸ್ ಕೊಡುವ ಆಯ್ಕೆಗಳೆಲ್ಲ ಇನ್ನೊಂದು ಎಸ್‌ಎಸ್‌ಎಚ್ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಚ್‌ನ ಭಾಷೆಯಲ್ಲಿರುವುದರಿಂದ ಡ್ರಾಪ್‌ಬೇರ್ ಅವುಗಳಲ್ಲಿ ಕೆಲವನ್ನು ಒಪ್ಪುವುದಿಲ್ಲ. ಓಪನ್‌ಎಸ್‌ಎಸ್‌ಎಚ್ ಕ್ಲೈಂಟ್ ಪ್ಯಾಕೇಜನ್ನು ಹಾಕಿಕೊಳ್ಳಿ. ಡ್ರಾಪ್‌ಬೇರ್‌ನ ಸಾಧನದಿಂದ ಮಾಡಿದ ಖಾಸಗಿ ಕೀಲಿಯ ವಿನ್ಯಾಸವೂ ಬೇರೆ. ಓಪನ್‌ಎಸ್‌ಎಸ್‌ಎಚ್ ಅದನ್ನು ನೇರವಾಗಿ ಓದಲಾರದು. ಹಳೆಯದನ್ನು ಪರಿವರ್ತಿಸಬಹುದು, ಆದರೆ ಹೊಸದಾಗಿ ಇಡಿ25519 ಬಗೆಯ ಕೀಲಿಯೊಂದನ್ನು ಮಾಡಿಕೊಳ್ಳುವುದೇ ಅಚ್ಚುಕಟ್ಟು.

ಮೌಂಟ್ ಮಾಡುವ ಮುಂಚೆ ಅದೇ ಕೀಲಿ, ಅದೇ ಬಳಕೆದಾರ, ಅದೇ ಪೋರ್ಟ್ ಬಳಸಿ ಬರೀ ಎಸ್‌ಎಫ್‌ಟಿಪಿ ಸಂಪರ್ಕವನ್ನು ಕೈಯಾರೆ ಒಮ್ಮೆ ಮಾಡಿ ನೋಡಿ. ಅದು ಸರಿಯಾಗದೆ ಎಸ್‌ಎಸ್‌ಎಚ್‌ಎಫ್‌ಎಸ್ ಸರಿಯಾಗುವುದಿಲ್ಲ, ಮತ್ತು ನಿಜವಾದ ದೋಷಸಂದೇಶ ಕಾಣುವುದೂ ಅಲ್ಲಿಯೇ.

ಮಳೆಪುಸ್ತಕ:

ಬಹಳ ಧನ್ಯವಾದ. ಕ್ಲೈಂಟ್ ಬದಲಾಯಿಸಿ ಹೊಸ ಕೀಲಿ ಮಾಡಿದ ಕೂಡಲೇ ಮೌಂಟ್ ಆಯಿತು, ಫೋಲ್ಡರ್‌ಗಳೆಲ್ಲ ಕಾಣುತ್ತಿವೆ. ಸದ್ಯಕ್ಕೆ ಅಣ್ಣನ ಸ್ವಂತ ಖಾತೆಯನ್ನೇ ಬಳಸಿದ್ದೇನೆ, ಕೀಲಿಗೆ ಪಾಸ್‌ವರ್ಡ್ ಇಟ್ಟಿಲ್ಲ. ಮೊದಲ ಸಲ ಸಂಪರ್ಕಿಸಿದಾಗ ಸರ್ವರ್‌ನ ಬೆರಳಚ್ಚನ್ನು (ಅದರ ಕೀಲಿಯನ್ನು ಗುರುತಿಸುವ ಅಕ್ಷರಗಳ ಸಾಲು) ತೋರಿಸಿ ಒಪ್ಪಿಗೆಯೇ ಎಂದು ಕೇಳಿತು, ಹೌದು ಎಂದೆ. ಇನ್ನು ಎಲ್ಲವೂ ಎನ್‌ಕ್ರಿಪ್ಟ್ ಆಗಿಯೇ ಹೋಗುವುದರಿಂದ ಸುರಕ್ಷತೆಯ ವಿಷಯ ಮುಗಿಯಿತು ಎಂದುಕೊಳ್ಳಬಹುದೇ?

ಜಾಲಗಾರ:

ಮಳೆಪುಸ್ತಕ ಅವರೇ, ದಯವಿಟ್ಟು ಇಲ್ಲಿಗೆ ನಿಲ್ಲಿಸಬೇಡಿ. ದಾರಿಯಲ್ಲಿ ಹೋಗುವ ಮಾಹಿತಿಯನ್ನು ಎನ್‌ಕ್ರಿಪ್ಟ್ ಮಾಡುವುದು ಈ ಕೆಲಸದಲ್ಲಿ ಸುಲಭದ ಭಾಗ. ಅದನ್ನು ಎಸ್‌ಎಸ್‌ಎಚ್ ನಿಮಗಾಗಿ ಮಾಡಿಕೊಡುತ್ತದೆ. ನೀವೇ ಕುಳಿತು ಯೋಚಿಸಬೇಕಾದ ಪ್ರಶ್ನೆ ಬೇರೆ. ಊರಿನ ಮನೆಯ ಗೋಡೆಯ ಮೇಲಿರುವ ಆ ಪೆಟ್ಟಿಗೆಯೇ ನಾಳೆ ಬೇರೆಯವರ ಕೈಗೆ ಹೋದರೆ, ಅದರೊಳಗಿನ ಕೀಲಿಯಿಂದ ಮೈಸೂರಿನ ಕಂಪ್ಯೂಟರ್‌ನಲ್ಲಿ ಅವರು ಏನೇನು ಮಾಡಬಹುದು?

ಕೈಗೆ ಹೋಗುವುದೆಂದರೆ ಕಳ್ಳತನವೇ ಆಗಬೇಕೆಂದಿಲ್ಲ. 2018ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ವಿಪಿಎನ್‌ಫಿಲ್ಟರ್ ಎಂಬ ದುರುದ್ದೇಶದ ತಂತ್ರಾಂಶವು 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ರೂಟರ್ ಮತ್ತು ಸ್ಟೋರೇಜ್ ಸಾಧನಗಳನ್ನು ಹೊಕ್ಕಿತ್ತು ಎಂದು ಸಿಸ್ಕೊ ಕಂಪನಿಯ ಟ್ಯಾಲೋಸ್ ತಂಡ ವರದಿ ಮಾಡಿತ್ತು. ರೂಟರ್ ಹಗಲೂ ರಾತ್ರಿ ಅಂತರ್ಜಾಲಕ್ಕೆ ಮುಖ ಮಾಡಿ ನಿಂತಿರುತ್ತದೆ, ಮನೆಯ ಲ್ಯಾಪ್‌ಟಾಪ್‌ನ ಹಾಗೆ ಯಾರೂ ಅದನ್ನು ದಿನವೂ ನೋಡುವುದಿಲ್ಲ. ಅದರೊಳಗೆ ಹೆಚ್ಚಿನ ಕೆಲಸಗಳು ರೂಟ್ ಎಂಬ ಪೂರ್ಣ ಅಧಿಕಾರದ ಬಳಕೆದಾರನ ಹೆಸರಿನಲ್ಲಿಯೇ ನಡೆಯುತ್ತವೆ, ಆದ್ದರಿಂದ ಒಳಗೆ ಬಂದವನಿಗೆ ಕೀಲಿಯನ್ನು ಓದಲು ಯಾವ ಅಡ್ಡಿಯೂ ಇರುವುದಿಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ಮನುಷ್ಯರ ನೆರವಿಲ್ಲದೆ ಮೌಂಟ್ ಆಗಬೇಕಾದ್ದರಿಂದ ಕೀಲಿಗೆ ಪಾಸ್‌ವರ್ಡ್ ಇಡುವಂತೆಯೂ ಇಲ್ಲ. ಹೀಗಿರುವಾಗ ಕೀಲಿಯನ್ನು ಬಚ್ಚಿಡುವ ಉಪಾಯ ಹುಡುಕುವುದಕ್ಕಿಂತ, ಕೀಲಿ ಕಳುವಾದರೂ ಅದರಿಂದ ತೆರೆಯುವ ಬಾಗಿಲು ತೀರಾ ಚಿಕ್ಕದಾಗಿರುವಂತೆ ಮಾಡುವುದು ಸರಿಯಾದ ಕ್ರಮ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಂದು ಆ ಕೀಲಿ ಅಣ್ಣನವರ ಪೂರ್ತಿ ಖಾತೆಯನ್ನೇ ತೆರೆಯುತ್ತದೆ. ಅವರ ಪತ್ರಗಳು, ಬ್ರೌಸರ್‌ನಲ್ಲಿ ಉಳಿದ ಪಾಸ್‌ವರ್ಡ್‌ಗಳು, ರೂಟ್ ಆಗಿ ಆಜ್ಞೆ ಕೊಡುವ ಸುಡೊ ಅಧಿಕಾರ ಇದ್ದರೆ ಅದರತ್ತ ಮೊದಲ ಮೆಟ್ಟಿಲು ಎಲ್ಲವೂ ಅದರಲ್ಲಿ ಸೇರಿದವು. ಆದ್ದರಿಂದ ಮೊದಲು ಮೈಸೂರಿನಲ್ಲಿ ಈ ಕೆಲಸಕ್ಕೆಂದೇ ಹೊಸ ಬಳಕೆದಾರನೊಬ್ಬನನ್ನು ಮಾಡಿಸಿ, ಅಣ್ಣನವರ ಖಾತೆಯ ಅನುಮತಿಪಟ್ಟಿಯಿಂದ (ಯಾವ ಕೀಲಿಗಳಿಗೆ ಪ್ರವೇಶವಿದೆ ಎಂದು ಬರೆದ ಕಡತ) ರೂಟರ್‌ನ ಕೀಲಿಯನ್ನು ಅಳಿಸಿಹಾಕಿಸಿ. ಓಪನ್‌ಎಸ್‌ಎಸ್‌ಎಚ್ ಸರ್ವರ್‌ನ ಸೆಟ್ಟಿಂಗ್ ಕಡತದಲ್ಲಿ ಆ ಬಳಕೆದಾರನಿಗೆ ಮಾತ್ರ ಅನ್ವಯಿಸುವ ಮ್ಯಾಚ್ ವಿಭಾಗ ಬರೆದು, ಕ್ರೂಟ್ ಡೈರೆಕ್ಟರಿಯ ಆಯ್ಕೆಯಿಂದ ಅವನನ್ನು ಒಂದೇ ಫೋಲ್ಡರಿನೊಳಗೆ ಬಂಧಿಸಬೇಕು. ಫೋರ್ಸ್ ಕಮಾಂಡ್ ಆಯ್ಕೆಯಲ್ಲಿ ಇಂಟರ್ನಲ್ ಎಸ್‌ಎಫ್‌ಟಿಪಿಯನ್ನು ಕೊಟ್ಟರೆ ಅವನಿಗೆ ಶೆಲ್, ಅಂದರೆ ಆಜ್ಞೆ ಕೊಡುವ ಜಾಗ, ಸಿಗುವುದಿಲ್ಲ. ಅದಕ್ಕೆ ದೊಡ್ಡ ಅಕ್ಷರದ ಆರ್ ಎಂಬ ಆಯ್ಕೆಯನ್ನು ಸೇರಿಸಿದರೆ ಓದಬಹುದೇ ಹೊರತು ಬರೆಯಲೂ ಅಳಿಸಲೂ ಆಗುವುದಿಲ್ಲ. ಅನುಮತಿಪಟ್ಟಿಯಲ್ಲಿ ಆ ಕೀಲಿಯ ಸಾಲಿನ ಆರಂಭಕ್ಕೆ ರಿಸ್ಟ್ರಿಕ್ಟ್ ಎಂಬ ಪದವನ್ನು ಹಾಕಿಸಿ, ಓಪನ್‌ಎಸ್‌ಎಸ್‌ಎಚ್ 7.2ರಿಂದ ಈಚೆಗೆ ಅದೊಂದೇ ಪದ ಪೋರ್ಟ್ ಫಾರ್ವರ್ಡಿಂಗ್, ಏಜೆಂಟ್ ಫಾರ್ವರ್ಡಿಂಗ್, ಟರ್ಮಿನಲ್ ಎಲ್ಲವನ್ನೂ ನಿಲ್ಲಿಸುತ್ತದೆ. ಪೋರ್ಟ್ ಫಾರ್ವರ್ಡಿಂಗ್ ಮುಚ್ಚದಿದ್ದರೆ ಆಗುವ ಅಪಾಯ ಹಲವರ ಗಮನಕ್ಕೆ ಬರುವುದಿಲ್ಲ. ಕೀಲಿ ಕದ್ದವನು ಒಂದು ಕಡತವನ್ನೂ ಮುಟ್ಟದೆ, ಮೈಸೂರಿನ ಮನೆಯೊಳಗಿನ ಪ್ರಿಂಟರ್, ಕ್ಯಾಮೆರಾಗಳವರೆಗೆ ಸುರಂಗ ತೋಡಬಲ್ಲ.

ರೂಟರ್ ಕಡೆಯಲ್ಲಿ ಮೌಂಟ್ ಮಾಡುವಾಗ ‘ಓದಲು ಮಾತ್ರ’ ಎಂದು ಕೊಟ್ಟರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಅದು ನಮ್ಮ ಕೈತಪ್ಪಿನಿಂದ ಕಾಪಾಡುತ್ತದೆ, ಕಳ್ಳನಿಂದ ಕಾಪಾಡುವುದಿಲ್ಲ. ಅವನು ತನ್ನ ಕಂಪ್ಯೂಟರ್‌ನಿಂದ ಆ ಆಯ್ಕೆಯಿಲ್ಲದೆ ಮೌಂಟ್ ಮಾಡಿಕೊಳ್ಳುತ್ತಾನೆ. ತಡೆ ಇರಬೇಕಾದದ್ದು ಸರ್ವರ್‌ನಲ್ಲಿ.

ಇನ್ನು ಬೆರಳಚ್ಚಿನ ಮಾತು. ನೀವು ನೋಡದೆ ಹೌದು ಎಂದ ಆ ಒಂದು ಕ್ಷಣದಲ್ಲಿ ನಡುವೆ ಯಾರಾದರೂ ಕುಳಿತಿದ್ದರೆ ಮುಂದಿನ ಎನ್‌ಕ್ರಿಪ್ಷನ್ ಎಲ್ಲವೂ ಅವರೊಂದಿಗೆ ನಡೆಯುತ್ತದೆ. ಪರಿಹಾರ ಸರಳ. ಅಣ್ಣನವರು ಮೈಸೂರಿನ ಕಂಪ್ಯೂಟರ್‌ನ ಮುಂದೆ ಕುಳಿತು ತಮ್ಮ ಸರ್ವರ್ ಕೀಲಿಯ ಬೆರಳಚ್ಚನ್ನು ತೆಗೆದು ಫೋನಿನಲ್ಲಿ ಓದಲಿ, ನೀವು ರೂಟರ್ ತೋರಿಸುವುದರೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ಹೊಂದಿದ ಮೇಲೆ ಎಸ್‌ಎಸ್‌ಎಚ್ ಕ್ಲೈಂಟ್‌ನಲ್ಲಿ ಸರ್ವರ್ ಕೀಲಿಯ ಕಟ್ಟುನಿಟ್ಟಿನ ತಪಾಸಣೆಯ ಆಯ್ಕೆಯನ್ನು ‘ಯೆಸ್’ ಎಂದು ಇಡಿ. ಅಂತರ್ಜಾಲದ ಎಷ್ಟೋ ಸಲಹೆಗಳಲ್ಲಿ ಅದನ್ನು ‘ನೋ’ ಮಾಡಿ ಎಂದು ಬರೆದಿರುತ್ತಾರೆ. ಸ್ಕ್ರಿಪ್ಟ್ ತಕರಾರಿಲ್ಲದೆ ಓಡಲಿ ಎಂಬ ಒಂದೇ ಕಾರಣಕ್ಕೆ ಕೊಡುವ ಆ ಸಲಹೆಯನ್ನು ಯಾರೂ ಪಾಲಿಸಬಾರದು.

ಮಳೆಪುಸ್ತಕ:

ನಿನ್ನೆ ರಾತ್ರಿ ಅಣ್ಣನಿಗೆ ಫೋನ್ ಮಾಡಿ ಬೆರಳಚ್ಚನ್ನು ಓದಿಸಿದೆ. ದೊಡ್ಡಕ್ಷರ, ಚಿಕ್ಕಕ್ಷರ ಎಂದು ಒಂದೊಂದನ್ನೂ ಬಿಡಿಸಿ ಹೇಳಿದ, ಪೂರ್ತಿ ಹೊಂದಿತು. ಹೊಸ ಬಳಕೆದಾರನನ್ನೂ ಮಾಡಿದ್ದೇವೆ. ಆದರೆ ಕ್ರೂಟ್ ಹಾಕಿದ ಕೂಡಲೇ ಸಂಪರ್ಕ ಮತ್ತೆ ಕಡಿಯುತ್ತಿದೆ. ಸರ್ವರ್‌ನ ಲಾಗ್‌ನಲ್ಲಿ ‘ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್’ ಎಂದು ಬರುತ್ತಿದೆ. ಅಣ್ಣ ಆ ಫೋಲ್ಡರಿನ ಒಡೆತನವನ್ನು ಹೊಸ ಬಳಕೆದಾರನಿಗೇ ಕೊಟ್ಟಿದ್ದಾನೆ.

ಜಾಲಗಾರ:

ಒಡೆತನ ಕೊಟ್ಟದ್ದೇ ಕಾರಣ. ಬಂಧಿಸುವ ಫೋಲ್ಡರ್ ಮತ್ತು ಅದರ ಮೇಲಿನ ಪ್ರತಿಯೊಂದು ಫೋಲ್ಡರ್ ರೂಟ್‌ನ ಒಡೆತನದಲ್ಲಿರಬೇಕು, ಬೇರೆ ಯಾರಿಗೂ ಅಲ್ಲಿ ಬರೆಯುವ ಅನುಮತಿ ಇರಬಾರದು. ಬಂದಿಯಾದವನೇ ತನ್ನ ಕೋಣೆಯ ಗೋಡೆಯನ್ನು ಮಾರ್ಪಡಿಸುವಂತಿದ್ದರೆ ಬಂಧನಕ್ಕೆ ಅರ್ಥವಿಲ್ಲವಾದ್ದರಿಂದ ಓಪನ್‌ಎಸ್‌ಎಸ್‌ಎಚ್ ಈ ವಿಷಯದಲ್ಲಿ ರಾಜಿಯಾಗುವುದಿಲ್ಲ. ಫೋಟೋಗಳು ಅಣ್ಣನವರ ಮನೆ ಫೋಲ್ಡರಿನಲ್ಲಿಯೇ ಇರಲಿ. ರೂಟ್ ಒಡೆತನದ ಖಾಲಿ ಫೋಲ್ಡರೊಂದನ್ನು ಬೇರೆ ಕಡೆ ಮಾಡಿ, ಅದರೊಳಗಿನ ಉಪಫೋಲ್ಡರ್ ಒಂದಕ್ಕೆ ಫೋಟೋಗಳ ಜಾಗವನ್ನು ಬೈಂಡ್ ಮೌಂಟ್ ಮಾಡಿ (ಅದೇ ಫೋಲ್ಡರ್ ಅಲ್ಲಿಯೂ ಕಾಣುವಂತೆ ಜೋಡಿಸಿ), ಅದನ್ನೂ ಓದಲು ಮಾತ್ರ ಎಂದು ಇಡಿ.

ತುಂಗಾತೀರ:

ಸುರಕ್ಷತೆಯ ಬಗ್ಗೆ ಜಾಲಗಾರ ಅವರು ಬರೆದ ಪ್ರತಿ ಮಾತನ್ನೂ ನಾನು ಒಪ್ಪುತ್ತೇನೆ. ಬ್ಯಾಕಪ್ ಬರೆಯುವ ಮುಂಚೆ ಗಮನಿಸಬೇಕಾದ ಇನ್ನೊಂದು ಸಂಗತಿಯನ್ನು ನನ್ನ ಅನುಭವದಿಂದ ಸೇರಿಸುತ್ತೇನೆ, ಏಕೆಂದರೆ ಅದರಿಂದ ನಾನು ಒಂದು ಇಡೀ ದಿನ ಕಷ್ಟಪಟ್ಟಿದ್ದೇನೆ.

ತೀರ್ಥಹಳ್ಳಿಯ ನಮ್ಮ ಮನೆಯ ರೂಟರ್ ತನ್ನ ಲಾಗ್‌ಗಳನ್ನು ದೂರದ ಸರ್ವರ್‌ನ ಮೌಂಟ್‌ಗೆ ಪ್ರತಿ ಗಂಟೆ ಬರೆಯುತ್ತಿತ್ತು. ಆಷಾಢದ ಒಂದು ರಾತ್ರಿ ಕರೆಂಟ್ ಹೋಗಿ ಬಂತು, ಆದರೆ ಫೈಬರ್ ಸಂಪರ್ಕ ಬೆಳಗಿನವರೆಗೂ ಬರಲಿಲ್ಲ. ಮೌಂಟ್ ಆಗಲಿಲ್ಲ, ಬರೆಯುವ ಸ್ಕ್ರಿಪ್ಟ್ ಮಾತ್ರ ಎಂದಿನಂತೆ ಓಡಿತು. ಮೌಂಟ್ ಇಲ್ಲದಿದ್ದಾಗ ಆ ಜಾಗದಲ್ಲಿ ಉಳಿಯುವುದು ರೂಟರ್‌ನ ಸ್ವಂತ ಫ್ಲ್ಯಾಷ್‌ನಲ್ಲಿರುವ ಬರಿಯ ಫೋಲ್ಡರ್. ಯಾವ ದೋಷವನ್ನೂ ತೋರಿಸದೆ ಲಾಗ್‌ಗಳೆಲ್ಲ ಅಲ್ಲಿ ತುಂಬಿಕೊಂಡವು. ಬೆಳಿಗ್ಗೆ ವೈಫೈ ಪಾಸ್‌ವರ್ಡ್ ಬದಲಿಸಲು ಹೋದರೆ ಸೆಟ್ಟಿಂಗ್ ಉಳಿಯಲಿಲ್ಲ. ಉಳಿದ ಜಾಗ ತೋರಿಸುವ ಡಿಎಫ್ ಆಜ್ಞೆ ಕೊಟ್ಟು ನೋಡಿದರೆ, ಸೆಟ್ಟಿಂಗ್‌ಗಳು ಉಳಿಯುವ ಓವರ್‌ಲೇ ಎಂಬ ಜಾಗ ಶೇಕಡಾ 100 ತುಂಬಿತ್ತು. ಇನ್ನೂ ಗೊಂದಲದ ಸಂಗತಿ ಆಮೇಲಿನದು. ಸಂಪರ್ಕ ಬಂದು ಮೌಂಟ್ ಆದ ಮೇಲೆ ಆ ಕಡತಗಳು ಮೌಂಟ್‌ನ ಅಡಿಯಲ್ಲಿ ಮುಚ್ಚಿಹೋದವು. ಎಲ್ಲಿ ಹುಡುಕಿದರೂ ದೊಡ್ಡ ಕಡತವೊಂದೂ ಕಾಣದು, ಜಾಗ ಮಾತ್ರ ಇಲ್ಲ. ಮೌಂಟನ್ನು ಬಿಚ್ಚಿ ನೋಡಿದಾಗಲೇ ಅವು ಸಿಕ್ಕಿದ್ದು.

ಅಂದಿನಿಂದ ನಾನು ಮೌಂಟ್ ಮಾಡುವ ಜಾಗವನ್ನು ಟೆಂಪ್ ಫೋಲ್ಡರಿನೊಳಗೆ, ಅಂದರೆ ರ‍್ಯಾಮ್‌ನಲ್ಲಿ ಇಡುತ್ತೇನೆ. ಅಲ್ಲಿ ತಪ್ಪಾಗಿ ಬರೆದದ್ದು ರೀಬೂಟ್ ಮಾಡಿದರೆ ಹೋಗುತ್ತದೆ, ಫ್ಲ್ಯಾಷ್ ಸವೆಯುವುದೂ ಇಲ್ಲ. ಅದರ ಮೇಲೆ, ಬರೆಯುವ ಪ್ರತಿ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಕರ್ನಲ್‌ನ ಮೌಂಟ್ ಪಟ್ಟಿಯಲ್ಲಿ ಈ ಜಾಗದ ಹೆಸರು ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಅಲ್ಲಿಯೇ ನಿಲ್ಲಿಸುತ್ತೇನೆ.

ಕಿರುತಂತಿ:

ತುಂಗಾತೀರ ಅವರು ಹೇಳಿದ್ದನ್ನು ನಾನೂ ಇಂದೇ ನನ್ನ ಸ್ಕ್ರಿಪ್ಟ್‌ಗಳಲ್ಲಿ ಸೇರಿಸುತ್ತೇನೆ.

ಎನ್‌ಎಫ್‌ಎಸ್ ಬಗ್ಗೆ ಕೇಳಿದ್ದಿರಿ. ವೈರ್‌ಗಾರ್ಡ್ ಎಂಬ ವಿಪಿಎನ್‌ನ ಸುರಂಗ ಹಾಕಿ ಅದರೊಳಗೆ ಎನ್‌ಎಫ್‌ಎಸ್ ಓಡಿಸುವುದು ಇನ್ನೂ ಉತ್ತಮವಲ್ಲವೇ ಎಂದು ನನಗನಿಸುತ್ತದೆ. ವೈರ್‌ಗಾರ್ಡ್ 2020ರಲ್ಲಿ ಬಂದ ಲಿನಕ್ಸ್ 5.6ರಿಂದ ಕರ್ನಲ್‌ನ ಭಾಗವೇ ಆಗಿದೆ. ಅದು ಬಳಸುವ ಚಾಚಾ20-ಪಾಲಿ1305 ಎನ್‌ಕ್ರಿಪ್ಷನ್ ವಿಧಾನವು, ಇನ್ನೊಂದು ವಿಧಾನವಾದ ಎಇಎಸ್‌ಗೆಂದು ಪ್ರತ್ಯೇಕ ಸೂಚನೆಗಳಿಲ್ಲದ ಮಿಪ್ಸ್ ಪ್ರೊಸೆಸರ್‌ಗಳಲ್ಲಿ ವೇಗವಾಗಿ ಓಡುತ್ತದೆ. ಎಸ್‌ಎಸ್‌ಎಚ್‌ಎಫ್‌ಎಸ್‌ನಲ್ಲಾದರೆ ಪ್ರತಿ ಓದಿಗೂ ಮಾಹಿತಿ ಕರ್ನಲ್‌ನಿಂದ ಫ್ಯೂಸ್ ಎಂಬ ಕೊಂಡಿಯ ಮೂಲಕ ಹೊರಬಂದು, ಎಸ್‌ಎಸ್‌ಎಚ್ ಪ್ರಕ್ರಿಯೆಗೆ ಹೋಗಿ, ಮತ್ತೆ ಕರ್ನಲ್‌ಗೆ ಇಳಿಯಬೇಕು. 880 ಮೆಗಾಹರ್ಟ್ಸ್ ಪ್ರೊಸೆಸರ್‌ಗೆ ಈ ಓಡಾಟ ಭಾರವೇ.

ಜಾಲಗಾರ:

ವೇಗದ ಮಾತು ನಿಜ. ಒಂದೇ ಮನೆಯೊಳಗೆ ಗಿಗಾಬಿಟ್ ತಂತಿಯಲ್ಲಿ ದೊಡ್ಡ ವಿಡಿಯೋಗಳನ್ನು ಸಾಗಿಸುವುದಾದರೆ ನಾನೂ ಎಸ್‌ಎಸ್‌ಎಚ್‌ಎಫ್‌ಎಸ್ ಬೇಡ ಎನ್ನುತ್ತಿದ್ದೆ. ಆದರೆ ಇಲ್ಲಿ ಮಿತಿ ಹಾಕುವುದು ಮೈಸೂರಿನ ಬ್ರಾಡ್‌ಬ್ಯಾಂಡ್‌ನ ಅಪ್‌ಲೋಡ್ ವೇಗ, ಮತ್ತು ನೋಡುವುದು ಸ್ಕ್ಯಾನ್ ಮಾಡಿದ ಪುಟಗಳನ್ನು. ಎಸ್‌ಎಸ್‌ಎಚ್‌ಗೂ ಚಾಚಾ20-ಪಾಲಿ1305 ವಿಧಾನವನ್ನೇ ಬಳಸು ಎಂದು ಹೇಳಬಹುದು. 2023ರ ಡಿಸೆಂಬರ್‌ನಲ್ಲಿ ಪ್ರಕಟವಾದ ಟೆರಾಪಿನ್ ಎಂಬ ದಾಳಿ ಈ ವಿಧಾನವನ್ನೂ ತಟ್ಟಿತ್ತು, ಓಪನ್‌ಎಸ್‌ಎಸ್‌ಎಚ್ 9.6ರಲ್ಲಿ ಅದಕ್ಕೆ ಪರಿಹಾರ ಬಂತು. ಸಂಪರ್ಕದ ಎರಡೂ ತುದಿಗಳಲ್ಲಿ ಆ ಪರಿಹಾರ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ ಎಂಬುದನ್ನು ನೆನಪಿಡಿ.

ವೈರ್‌ಗಾರ್ಡ್ ಮತ್ತು ಎನ್‌ಎಫ್‌ಎಸ್ ಜೋಡಿಯ ಬಗ್ಗೆ ನನಗಿರುವ ಆತಂಕ ಬೇರೆ. ಸಾಮಾನ್ಯ ರೀತಿಯಲ್ಲಿ ಹಾಕಿದ ಎನ್‌ಎಫ್‌ಎಸ್ ಕೇಳುವವನ ಐಪಿಯನ್ನು ನೋಡಿ, ಅವನು ಹೇಳಿಕೊಂಡ ಬಳಕೆದಾರ ಸಂಖ್ಯೆಯನ್ನು ನಂಬುತ್ತದೆ. ರೂಟ್‌ನ ಅಧಿಕಾರವನ್ನು ಸರ್ವರ್ ತಡೆಯಬಹುದು, ಆದರೆ ರೂಟರ್‌ನೊಳಗೆ ಬಂದವನು ‘ನಾನು 1000ನೇ ಬಳಕೆದಾರ’ ಎಂದರೆ ಅಣ್ಣನವರ ಕಡತಗಳು ಅವನಿಗೆ ತೆರೆದುಕೊಳ್ಳುತ್ತವೆ. ಬಳಕೆದಾರನ ಗುರುತನ್ನು ಪರಿಶೀಲಿಸುವ ಕರ್ಬರೋಸ್ ಹಾಕಿದರೆ ಇದು ಸರಿಹೋಗುತ್ತದೆ. ಎರಡು ಮನೆಗಳ ನಡುವಿನ ಫೋಟೋಗಳಿಗೆ ಅಷ್ಟು ದೊಡ್ಡ ವ್ಯವಸ್ಥೆಯನ್ನು ಯಾರು ನೋಡಿಕೊಳ್ಳುತ್ತಾರೆ? ವೈರ್‌ಗಾರ್ಡ್ ಸುರಂಗವೂ ಒಂದು ಫೋಲ್ಡರಿಗೆ ದಾರಿ ಕೊಡುವುದಲ್ಲ, ಜಾಲಕ್ಕೆ ದಾರಿ ಕೊಡುವುದು. ಮೈಸೂರಿನ ಕಡೆ ಫೈರ್‌ವಾಲ್ ನಿಯಮಗಳನ್ನು ಪ್ರತ್ಯೇಕವಾಗಿ ಬರೆದು ಬಿಗಿಗೊಳಿಸಬೇಕು.

ಸಮಯದ ತೊಡಕೂ ಇದೆ. ಈ ರೂಟರ್‌ಗಳಲ್ಲಿ ಬ್ಯಾಟರಿಯಿಂದ ಓಡುವ ಗಡಿಯಾರ ಸಾಮಾನ್ಯವಾಗಿ ಇರುವುದಿಲ್ಲ. ಬೂಟ್ ಆಗುವಾಗ ಓಪನ್‌ಡಬ್ಲ್ಯುಆರ್‌ಟಿ ತನ್ನ ಸೆಟ್ಟಿಂಗ್ ಕಡತಗಳಲ್ಲಿ ಕೊನೆಗೆ ಬದಲಾದದ್ದರ ಸಮಯವನ್ನೇ ಸದ್ಯದ ಸಮಯವೆಂದು ಇಟ್ಟುಕೊಳ್ಳುತ್ತದೆ. ವೈರ್‌ಗಾರ್ಡ್‌ನ ಆಚೆ ತುದಿ ಈ ಮುಂಚೆ ಕಂಡದ್ದಕ್ಕಿಂತ ಹಿಂದಿನ ಸಮಯಮುದ್ರೆಯುಳ್ಳ ಕೋರಿಕೆಯನ್ನು ತಿರಸ್ಕರಿಸುತ್ತದೆ. ಸಮಯ ತಿದ್ದುವ ಎನ್‌ಟಿಪಿ ಕೋರಿಕೆಯೂ ಅದೇ ಸುರಂಗದ ಮೂಲಕ ಹೋಗುವಂತೆ ಇಟ್ಟಿದ್ದರೆ ಎರಡೂ ಒಂದನ್ನೊಂದು ಕಾಯುತ್ತಾ ನಿಂತುಬಿಡುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಮನೆಗೆ ಇದು ಚಿಕ್ಕ ವಿಷಯವಲ್ಲ. ಮಾಮೂಲಿ ಕೀಲಿಯಿಂದ ನಡೆಯುವ ಎಸ್‌ಎಸ್‌ಎಚ್‌ಗೆ ಗಡಿಯಾರದ ಹಂಗಿಲ್ಲ.

ಮಳೆಪುಸ್ತಕ:

ಹಾಗಾದರೆ ಎಸ್‌ಎಸ್‌ಎಚ್‌ಎಫ್‌ಎಸ್‌ನಲ್ಲೇ ಮುಂದುವರಿಯುತ್ತೇನೆ. ಕರೆಂಟಿನ ಮಾತು ಬಂದದ್ದರಿಂದ ಕೇಳುತ್ತಿದ್ದೇನೆ. ಬೂಟ್ ಆದಾಗ ತಾನಾಗಿ ಮೌಂಟ್ ಆಗಲೆಂದು, ರೂಟರ್‌ನ ಸೇವೆಗಳನ್ನು ನೋಡಿಕೊಳ್ಳುವ ಪ್ರೋಕ್‌ಡಿಗೆ ಸ್ಕ್ರಿಪ್ಟ್ ಬರೆದು, ಸತ್ತರೆ ಮತ್ತೆ ಏಳುವಂತೆ ರೀಸ್ಪಾನ್ ಕೊಟ್ಟಿದ್ದೇನೆ. ಕೈಯಾರೆ ಓಡಿಸಿದರೆ ಸರಿಯಾಗಿರುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಮಾತ್ರ ಮೌಂಟ್ ಇರುವುದಿಲ್ಲ. ನಡುವೆ ಸಂಪರ್ಕ ಕಡಿದರೆ ಟಿವಿ ಹಂಚಿಕೆಯೂ ಡಿಎಫ್ ಆಜ್ಞೆಯೂ ಅಲುಗಾಡದೆ ನಿಲ್ಲುತ್ತವೆ.

ತುಂಗಾತೀರ:

ಇವೆರಡೂ ನನಗಾಗಿದ್ದವು. ನಾವು ಬೇರೇನನ್ನೂ ಹೇಳದಿದ್ದರೆ ಪ್ರೋಕ್‌ಡಿ 5 ಸೆಕೆಂಡಿಗೊಮ್ಮೆ 5 ಸಲ ಪ್ರಯತ್ನಿಸಿ, ಈ ಸೇವೆ ಕೆಟ್ಟಿದೆ ಎಂದು ತೀರ್ಮಾನಿಸಿ ಕೈಬಿಡುತ್ತದೆ. ರೂಟರ್ ಎದ್ದರೂ ಫೈಬರ್ ಪೆಟ್ಟಿಗೆ ಎದ್ದು ಲಾಗಿನ್ ಆಗಲು ನಮ್ಮಲ್ಲಿ ಎರಡು ನಿಮಿಷ ಬೇಕು. ಅಷ್ಟರಲ್ಲಿ ಐದು ಪ್ರಯತ್ನಗಳೂ ಮುಗಿದಿರುತ್ತವೆ. ಪ್ರಯತ್ನಗಳ ಸಂಖ್ಯೆಯನ್ನು 0 ಎಂದು ಇಟ್ಟರೆ ಅದು ಎಂದೂ ಕೈಬಿಡುವುದಿಲ್ಲ. ನಡುವಿನ ಬಿಡುವನ್ನು 30 ಸೆಕೆಂಡಿಗೆ ಏರಿಸಿ. ಎಸ್‌ಎಸ್‌ಎಚ್‌ಎಫ್‌ಎಸ್ಸನ್ನು ಮುನ್ನೆಲೆಯಲ್ಲಿ ಓಡುವ ಆಯ್ಕೆಯೊಂದಿಗೆ ಕೊಡದಿದ್ದರೆ ಪ್ರೋಕ್‌ಡಿಗೆ ಅದು ಬದುಕಿದೆಯೋ ಸತ್ತಿದೆಯೋ ತಿಳಿಯುವುದಿಲ್ಲ. ಅದು ಒಮ್ಮೆ ಸತ್ತರೆ ಹಳೆಯ ಮೌಂಟ್ ಶವದಂತೆ ಅಲ್ಲೇ ಉಳಿದು ಹೊಸದಕ್ಕೆ ಅಡ್ಡಬರುತ್ತದೆ. ಹಾಗಾಗಿ ಪ್ರತಿ ಸಲ ಏಳುವ ಮುಂಚೆ ಲೇಜಿ ಆಯ್ಕೆಯ ಅನ್‌ಮೌಂಟ್ ಆಜ್ಞೆ ನಡೆಯುವಂತೆ, ಎರಡನ್ನೂ ಒಂದು ಪುಟ್ಟ ಸ್ಕ್ರಿಪ್ಟ್‌ನಲ್ಲಿ ಸೇರಿಸಿ ಅದನ್ನೇ ಪ್ರೋಕ್‌ಡಿಗೆ ಕೊಡಿ.

ಅಲುಗಾಡದೆ ನಿಲ್ಲುವುದಕ್ಕೆ ಸರ್ವರ್ ಅಲೈವ್ ಇಂಟರ್‌ವಲ್ 15, ಸರ್ವರ್ ಅಲೈವ್ ಕೌಂಟ್ ಮ್ಯಾಕ್ಸ್ 3, ಜೊತೆಗೆ ರೀಕನೆಕ್ಟ್ ಕೊಡಿ. ಆಗ 45 ಸೆಕೆಂಡುಗಳ ಮೌನದ ಮೇಲೆ ಹಳೆಯ ಸಂಪರ್ಕವನ್ನು ಬಿಟ್ಟು ಹೊಸದನ್ನು ಹುಡುಕುತ್ತದೆ. ಟಿವಿಗೆ ಹಂಚಲು ಮಿನಿಡಿಎಲ್‌ಎನ್‌ಎ ತಂತ್ರಾಂಶ ಬಳಸುತ್ತಿದ್ದರೆ ಅಲೌ ಅದರ್ ಆಯ್ಕೆಯೂ ಬೇಕು, ಇಲ್ಲವಾದರೆ ಮೌಂಟ್ ಮಾಡಿದ ಬಳಕೆದಾರನಿಗೆ ಮಾತ್ರ ಕಡತಗಳು ಕಾಣುತ್ತವೆ. ಮೈಸೂರಿನಲ್ಲಿ ಹೊಸ ಪುಟ ಸೇರಿಸಿದರೆ ಅದರ ಸುಳಿವು ಫ್ಯೂಸ್ ಮೂಲಕ ಇಲ್ಲಿಗೆ ಬರುವುದಿಲ್ಲ. ದಿನಕ್ಕೊಮ್ಮೆ ಪಟ್ಟಿಯನ್ನು ಹೊಸದಾಗಿ ಮಾಡಿಸಬೇಕು. ಅತಿಥಿಗಳ ವೈಫೈಯನ್ನು ಈ ಹಂಚಿಕೆಯಿಂದ ಹೊರಗಿಡುವುದನ್ನು ಮರೆಯಬೇಡಿ.

ಮಳೆಪುಸ್ತಕ:

ಮೂರು ದಿನಗಳಿಂದ ನೋಡುತ್ತಿದ್ದೇನೆ, ಬೇಕೆಂದೇ ಮೇನ್ ಸ್ವಿಚ್ ಆರಿಸಿಯೂ ನೋಡಿದೆ. ಪ್ರತಿ ಸಲವೂ ತಾನಾಗಿ ಮೌಂಟ್ ಆಗುತ್ತಿದೆ. ಅಪ್ಪ ನಿನ್ನೆ ಟಿವಿಯಲ್ಲಿ 2019ರ ಆಗಸ್ಟ್ ಪುಟಗಳನ್ನು ತೆಗೆಸಿ, ಆ ವಾರದ ಮಳೆಯ ಲೆಕ್ಕವನ್ನು ದಿನದಿನದಂತೆ ಓದಿದರು.

ಕೊನೆಯ ಪ್ರಶ್ನೆ ಬ್ಯಾಕಪ್‌ನದು. ರೂಟರ್‌ನ ತಂತ್ರಾಂಶವನ್ನು ಸಿಸ್‌ಅಪ್‌ಗ್ರೇಡ್ ಆಜ್ಞೆಯಿಂದ ಹೊಸ ಆವೃತ್ತಿಗೆ ಏರಿಸಿದರೆ ರೂಟ್‌ನ ಮನೆ ಫೋಲ್ಡರಿನಲ್ಲಿರುವ ಕೀಲಿಯೂ ಸರ್ವರ್‌ನ ಬೆರಳಚ್ಚೂ ಉಳಿಯುವುದಿಲ್ಲ ಎಂದು ತಿಳಿಯಿತು. ಉಳಿಸಬೇಕಾದ ಕಡತಗಳ ಪಟ್ಟಿಗೆ ಅವನ್ನು ಸೇರಿಸಿದೆ. ಹಾಗೆ ಸೇರಿಸಿದರೆ ದಿನದ ಬ್ಯಾಕಪ್ ಒಳಗೂ ಖಾಸಗಿ ಕೀಲಿ ಸೇರಿಕೊಳ್ಳುತ್ತದೆ. ಇದು ಸರಿಯೇ?

ಜಾಲಗಾರ:

ಕೀಲಿಯಷ್ಟೇ ಅಲ್ಲ, ಆ ಬ್ಯಾಕಪ್‌ನಲ್ಲಿ ವೈಫೈ ಪಾಸ್‌ವರ್ಡ್ ಮತ್ತು ಸಂಪರ್ಕದ ಲಾಗಿನ್ ಪಾಸ್‌ವರ್ಡ್ ಕೂಡ ತೆರೆದ ಅಕ್ಷರಗಳಲ್ಲಿ ಇರುತ್ತವೆ. ಕಡತಗಳನ್ನು ಎನ್‌ಕ್ರಿಪ್ಟ್ ಮಾಡುವ ಗ್ನುಪಿಜಿ ತಂತ್ರಾಂಶದಲ್ಲಿ ಮಾಡಿದ ಅಣ್ಣನವರ ಸಾರ್ವಜನಿಕ ಕೀಲಿಯೊಂದನ್ನು ರೂಟರ್‌ನಲ್ಲಿ ಇಟ್ಟು, ಬ್ಯಾಕಪ್ಪನ್ನು ಅದರಿಂದ ಎನ್‌ಕ್ರಿಪ್ಟ್ ಮಾಡಿದ ಮೇಲೆಯೇ ಕಳುಹಿಸಿ. ಬಿಡಿಸುವ ಕೀಲಿ ಅಣ್ಣನವರಲ್ಲಿ ಮಾತ್ರ ಇರಲಿ, ಅದನ್ನು ರೂಟರ್‌ಗೆ ತರಲೇಬೇಡಿ.

ಕಳುಹಿಸುವುದಕ್ಕೆ ಈಗಿನ ಮೌಂಟನ್ನು ಬರೆಯಲು ತೆರೆಯಬೇಡಿ. ಎರಡನೆಯ ಬಳಕೆದಾರ, ಎರಡನೆಯ ಕೀಲಿ, ಬೇರೆಯೇ ಕ್ರೂಟ್. ಅದರೊಳಗೆ ಬರೆಯಲು ಒಂದು ಉಪಫೋಲ್ಡರ್. ದಿನಕ್ಕೆ ಒಂದು ಕಡತವಾದ್ದರಿಂದ ಇದಕ್ಕೆ ಮೌಂಟ್ ಕೂಡ ಬೇಡ, ಎಸ್‌ಎಫ್‌ಟಿಪಿಯಲ್ಲಿ ಒಮ್ಮೆ ಹಾಕಿ ಬಂದರೆ ಸಾಕು. ಆ ಉಪಫೋಲ್ಡರಿಗೆ ಬಂದದ್ದನ್ನು ಮೈಸೂರಿನ ಕಂಪ್ಯೂಟರ್ ಪ್ರತಿ ರಾತ್ರಿ ತಾನೇ ಬೇರೆ ಜಾಗಕ್ಕೆ ನಕಲು ಮಾಡಿಟ್ಟುಕೊಳ್ಳಲಿ. ಆಗ ರೂಟರ್ ಬೇರೆಯವರ ಕೈಸೇರಿದರೂ ಹಿಂದಿನ ಬ್ಯಾಕಪ್‌ಗಳನ್ನು ಅಳಿಸಲು ಅವರಿಗಾಗುವುದಿಲ್ಲ. ಆ ದಿನ ಅಣ್ಣನವರು ಮಾಡಬೇಕಾದದ್ದು ಎರಡು ಅನುಮತಿಪಟ್ಟಿಗಳಿಂದ ಒಂದೊಂದು ಸಾಲನ್ನು ಅಳಿಸುವುದು, ಆಗಲೇ ತೆರೆದಿರುವ ಸಂಪರ್ಕಗಳನ್ನು ಕೊಲ್ಲುವುದು. ಯಾವ ಸಾಲು ಯಾವ ರೂಟರಿನದು ಎಂದು ತಿಳಿಯುವಂತೆ ಕೀಲಿಯ ಕೊನೆಯಲ್ಲಿ ಊರಿನ ಹೆಸರನ್ನೂ ಮಾಡಿದ ದಿನಾಂಕವನ್ನೂ ಈಗಲೇ ಬರೆಸಿಡಿ.